ಚಕ್ರದ ಮೇಲೆ ಚೆಲ್ಲೋ

ಅನಾಹುತಕ್ಕೆಲ್ಲ ಮೂಲ ಒಂದು ಡಬ್ಬಿ ಪಾಲಿಶ್. ಸಭಾಂಗಣದ ಮೇಲ್ವಿಚಾರಕರು ಹಿಂದಿನ ದಿನವಷ್ಟೇ ವೇದಿಕೆಯ ಮರದ ನೆಲಕ್ಕೆ ಅದನ್ನು ಬಳಿಸಿ, ಈಗ ಅದರ ಮೇಲೆ ನೊಣ ಕೂತರೂ ಮುಖ ಸಿಂಡರಿಸುತ್ತಿದ್ದರು.

ಚೆಲ್ಲೋ, ಅಂದರೆ ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು, ಅದರ ಮೇಷ್ಟ್ರ ಪಾಲಿಗೆ ಅಂದು ದೊಡ್ಡ ದಿನ. ಬೆಳಿಗ್ಗೆ ಮಕ್ಕಳಿಗೆ ಪಾಠ, ಭಾನುವಾರ ನಾಲ್ವರ ಗುಂಪಿನಲ್ಲಿ ಕಛೇರಿ, ಉಳಿದಂತೆ ದೊಡ್ಡ ವಾದ್ಯವೃಂದದ ಕಟ್ಟಕಡೆಯ ಸಾಲು, ಹೀಗೆ ಹದಿನೈದು ವರ್ಷ ಕಳೆದಿದ್ದರು. ಆ ಸಾಲಿನಲ್ಲಿ ಅವರಿಗೆ ಅಡ್ಡವಾಗಿ ಡಬಲ್ ಬಾಸ್ ನುಡಿಸುವ ಗೆಳೆಯ ನಿಲ್ಲುತ್ತಿದ್ದ. ಆಳು ಬೀರುವಿನಂತಿದ್ದ, ವಾದ್ಯ ಅವನಿಗಿಂತ ಅಗಲ. ಮೂರು ಸಲ ಬಂದ ಮಾವನವರಿಗೆ ಮೂರು ಸಲವೂ ಅಳಿಯ ಕಾಣಲಿಲ್ಲ.

"ಅಲ್ಲಿ ಕುರ್ಚಿ ಜೋಡ್ಸೋ ಕೆಲ್ಸ ಇರ್ಬೇಕು ಕಣಮ್ಮ. ಹೇಳ್ಕೊಳ್ಳೋಕೆ ನಾಚ್ಕೆ, ಪಾಪ" ಎಂದು ಅವರು ಮಗಳಿಗೆ ಹೇಳಿದ್ದು ಮೇಷ್ಟ್ರ ಕಿವಿಗೂ ಬಿದ್ದಿತ್ತು. ಅಂದಿನಿಂದ ಅವರಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ. ಈ ಸಂಜೆ ಮಾತ್ರ ಅವರು ಇಡೀ ವಾದ್ಯವೃಂದದ ಮುಂದೆ ಒಬ್ಬರೇ ಕುಳಿತು ನುಡಿಸುವವರಿದ್ದರು. ಮಾವನವರಿಗೆ ಮೊದಲ ಸಾಲಿನ ಟಿಕೆಟ್ಟು ಕಳಿಸಿಯಾಗಿತ್ತು.

ಚೆಲ್ಲೋದ ಬುಡದಲ್ಲಿ ಒಂದು ಕಬ್ಬಿಣದ ಮೊನೆ ಇರುತ್ತದೆ. ಅದನ್ನು ನೆಲಕ್ಕೆ ಊರದಿದ್ದರೆ ವಾದ್ಯ ಜಾರುತ್ತದೆ. ಮಧ್ಯಾಹ್ನದ ಅಭ್ಯಾಸಕ್ಕೆ ಮೇಷ್ಟ್ರು ಮೊನೆ ಊರಲು ಹೋದರೆ, ಮೇಲ್ವಿಚಾರಕರು ಓಡಿಬಂದು ಅಂಗೈ ಅಡ್ಡ ಇಟ್ಟರು.

"ನಿಮ್ದೇ ಒಂದು ತೂತು ಹಿಂದ್ಗಡೆ ಇದ್ಯಲ್ಲ ಸಾರ್, ಹದ್ನೈದು ವರ್ಷದ್ದು. ಹೊಸ ತೂತು ಕೊರೆಯೋಕೆ ನಾನು ಬಿಡಲ್ಲ."

ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ. ಕೊನೆಗೆ ಅವರೇ ದೊಡ್ಡ ಮನಸ್ಸು ಮಾಡಿ, ಪಿಯಾನೊ ಸಾಗಿಸುವ ಚಕ್ರದ ಹಲಗೆಯನ್ನು ತಂದು, ಅದರ ಮೇಲೆ ಕುರ್ಚಿ ಇಟ್ಟುಕೊಟ್ಟರು. ಮೊನೆಯನ್ನು ಹಲಗೆಗೆ ಊರಬಹುದಿತ್ತು. ಚಕ್ರಗಳು ಉರುಳದಂತೆ ರಟ್ಟು ಮಡಚಿ ಸಿಕ್ಕಿಸಿದರು. ಮೇಷ್ಟ್ರು ಕಮಾನು ಎಳೆದಾಗಲೆಲ್ಲ ಹಲಗೆ ಕಿರ್ರೆಂದಿತು. ಗೆಳೆಯನಿಗೆ ಅದನ್ನು ಸಹಿಸಲಾಗಲಿಲ್ಲ. ಕೇಳದೆಯೇ ಉಪಕಾರ ಮಾಡುವುದು ಅವನ ಹುಟ್ಟುಗುಣ. ನಾಲ್ಕೂ ಚಕ್ರಗಳಿಗೆ ಧಾರಾಳವಾಗಿ ಎಣ್ಣೆ ಬಿಟ್ಟ.

ಸಂಜೆ ಆರಕ್ಕೆ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಹೆಂಡತಿ ಇದ್ದಳು, ಪಕ್ಕದ ಕುರ್ಚಿ ಖಾಲಿ. ಮೊದಲ ಸಾಲಿನಲ್ಲಿ ಕೂರಬೇಕಲ್ಲ ಎಂದು ಮಾವನವರು ಕೂದಲಿಗೆ ಬಣ್ಣ ಹಚ್ಚಿಸಲು ಹೋಗಿ ತಡಮಾಡಿದ್ದರು. ತಡವಾಗಿ ಬಂದವರನ್ನು ಮೊದಲ ಭಾಗ ಮುಗಿಯುವವರೆಗೆ ಒಳಗೆ ಬಿಡುವುದಿಲ್ಲ, ಅದು ಅಲ್ಲಿಯ ನಿಯಮ. ಬಾಗಿಲ ಹೊರಗೆ ಅವರು ಒಂದೇ ಸಮನೆ ಕೆಮ್ಮುತ್ತಿದ್ದರು.

ಮೇಷ್ಟ್ರು ಜೀವ ಬಿಟ್ಟು ನುಡಿಸಿದರು. ಆ ಆವೇಶಕ್ಕೆ ರಟ್ಟುಗಳು ಉದುರಿಹೋದವು. ವೇದಿಕೆ ಹಿಂದಕ್ಕೆ ತುಸು ಇಳಿಜಾರಾಗಿದೆ ಎಂಬುದು ಎಲ್ಲರಿಗೂ ತಿಳಿದದ್ದು ಅಂದೇ. ಒಂದೊಂದು ಎಳೆತಕ್ಕೆ ಒಂದೊಂದು ಗೇಣು, ಸದ್ದಿಲ್ಲದೆ, ಹಲಗೆ ಹಿಂದೆ ಸರಿಯಿತು. ಪಿಟೀಲಿನವರು ಸ್ಟ್ಯಾಂಡು ಎತ್ತಿ ದಾರಿ ಮಾಡಿಕೊಟ್ಟು, ಮತ್ತೆ ಮುಚ್ಚಿಕೊಂಡರು. ಗೆಳೆಯ ಸೌಜನ್ಯದಿಂದ ಪಕ್ಕಕ್ಕೆ ಸರಿದು, ಮತ್ತೆ ತನ್ನ ಜಾಗದಲ್ಲೇ ನಿಂತ. ಮೊದಲ ಭಾಗ ಮುಗಿದಾಗ ಮೇಷ್ಟ್ರು ತಮ್ಮ ಹಳೆಯ ತೂತಿನ ಪಕ್ಕದಲ್ಲೇ ಇದ್ದರು.

ಆಗ ಬಾಗಿಲು ತೆರೆಯಿತು.

ಉಳಿದ ಭಾಗವನ್ನು ಮೇಷ್ಟ್ರು ಅಲ್ಲಿಂದಲೇ, ಕಣ್ಣಲ್ಲಿ ನೀರು ತುಂಬಿಕೊಂಡು ನುಡಿಸಿದರು. ಇದ್ಯಾವುದೋ ಹೊಸ ಬಗೆಯ ಕಲೆಯೆಂದು ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವನವರೂ ತಟ್ಟಿದರು, ಯಾರಿಗೆಂದು ತಿಳಿಯದಿದ್ದರೂ. ತನ್ನ ಗಂಡನೇ ನುಡಿಸಿದ್ದೆಂದು ಮಗಳು ಆಣೆಯಿಟ್ಟು ಹೇಳಿದಳು. ಅವರು ಮರುಕದಿಂದ ಅವಳ ತಲೆ ಸವರಿದರು.

ನಾನೇ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಮೇಷ್ಟ್ರು ಎದ್ದರು. ಅಷ್ಟರಲ್ಲಿ ಮೇಲ್ವಿಚಾರಕರು ಎದುರಿಗೆ ಬಂದು, ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿದೆ, ಮೊದಲು ಈ ಹಲಗೆಯನ್ನು ಉಗ್ರಾಣಕ್ಕೆ ಸಾಗಿಸಿ ಎಂದು ಪಟ್ಟು ಹಿಡಿದರು. ಮೇಷ್ಟ್ರು ಚೆಲ್ಲೋವನ್ನು ಗೆಳೆಯನ ಕೈಗೆ ಕೊಟ್ಟು, ಕುರ್ಚಿ ಸಮೇತ ಹಲಗೆಯನ್ನು ತಳ್ಳಿಕೊಂಡು, ಉಗ್ರಾಣಕ್ಕೆ ದಾರಿಯಿದ್ದ ವೇದಿಕೆಯ ಮುಂಭಾಗಕ್ಕೆ ಬಂದರು. ಎದುರಿಗೇ, ವೇದಿಕೆ ಹತ್ತಿ ಬಂದಿದ್ದ ಮಾವನವರು ಕಪ್ಪು ಕೂದಲು ಮಿಂಚಿಸುತ್ತ ನಿಂತಿದ್ದರು.

"ಕೊನೆಗೂ ಕಂಡ್ರಲ್ಲ ಅಳಿಯಂದ್ರೇ" ಎಂದು ಅವರು ಪ್ರೀತಿಯಿಂದ ಮೇಷ್ಟ್ರ ಕೈ ಹಿಡಿದುಕೊಂಡರು. "ಯಾವ ಕೆಲ್ಸ ಆದ್ರೇನಂತೆ, ಶ್ರದ್ಧೆಯಿಂದ ಮಾಡ್ತಿದೀರಿ. ತಳ್ಳಿ ತಳ್ಳಿ, ನಾನೂ ಒಂದ್ ಕೈ ಹಾಕ್ತೀನಿ."