ಸ್ವೀಡನ್ನಿನ ಪಿಟೀಲು ಮತ್ತು ಕೆಳಗಿನ ಬ್ಲಾಕು

ನಮ್ಮ ಕಡೆ ಮಂಜು ಬಿದ್ದ ದಿನ ಇಂಥದ್ದೊಂದು ನಡೆಯದಿದ್ದರೆ ನಮಗೇ ಏನೋ ಕಳೆದುಕೊಂಡ ಹಾಗಿರುತ್ತದೆ. ನಾಲ್ಕು ಮಾರು ಆಚೆ ನಿಂತದ್ದು ಮನುಷ್ಯನೋ ಸಿಲ್ವರ್ ಮರವೋ ತಿಳಿಯದ ಜಾಗದಲ್ಲಿ ಬದುಕುವವರು ಮೊದಲು ಒಂದಿಷ್ಟು ಹೆದರಬೇಕು, ಆಮೇಲೆ ಒಂದಿಷ್ಟು ನಗಬೇಕು. ನಾನು ಮಲ್ಲಂದೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ರೈಟರೆಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ, ಕೊಯ್ಲಿನ ತೂಕ, ಧಣಿಗಳ ಬೈಗುಳ, ಇವನ್ನೆಲ್ಲ ತೆಗೆದುಕೊಳ್ಳುವವನು. ಆದರೂ ಈ ಸಲದ ಕೊಯ್ಲಿನ ಸಂಗತಿಯನ್ನು ಬರೆಯದೆ ಇರಲಾರೆ.

ಹಾಡುವವನು ಎಲ್ಲಿ

ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಒಂದು ಬೆಳಿಗ್ಗೆ ಅಲ್ಲಿ ಕೂತು ದೇವರನಾಮ ಹಾಕಿಕೊಂಡಿದ್ದೆ. ಅದು ಮುಗಿದ ಮೇಲೆ ಫೋನು ನನ್ನನ್ನು ಕೇಳದೆ ತಾನೇ ಮುಂದಿನದಕ್ಕೆ ಹೋಯಿತು. ಮೊದಲು ಪಿಟೀಲಿನ ದನಿ, ಗುಡ್ಡದಾಚೆ ಯಾರೋ ದನ ಕರೆಯುವ ಹಾಗೆ. ಅದರ ಕೆಳಗೆ ಹಾರ್ಮೋನಿಯಂ ತರಹದ್ದೊಂದು ಒಂದೇ ಸ್ವರ ಹಿಡಿದು ಗುಂಯ್ ಎನ್ನುತ್ತಿತ್ತು. ಆಮೇಲೆ ಡ್ರಮ್ಮು, ಗಿಟಾರು ಸೇರಿಕೊಂಡು ಅದೇ ಧಾಟಿ ಎದ್ದು ಹೊರಳಿತು. ಮೈ ಜುಮ್ಮೆಂದಿತು. ಇಷ್ಟವಾಯಿತೋ ಭಯವಾಯಿತೋ ಎಂದು ಕೇಳಿದರೆ ಎರಡೂ ಆಯಿತು. ಕೆಳಗೆ ಬರೆದದ್ದನ್ನು ಓದಿದೆ: ಸ್ವೀಡನ್ ದೇಶದವರ ರಾಕ್ ಸಂಗೀತವಂತೆ, ಅವರ ಹಳ್ಳಿಗಳ ಹಳೆಯ ಧಾಟಿಗಳನ್ನು ಸೇರಿಸಿ ಬರೀ ವಾದ್ಯಗಳಲ್ಲೇ ನುಡಿಸಿದ್ದಂತೆ.

ಡೌನ್‌ಲೋಡ್ ಮಾಡಿ ಮನೆಗೆ ತಂದು ಹೆಂಡತಿಗೆ ಕೇಳಿಸಿದೆ. ಅವಳು ಒಲೆ ಸಣ್ಣ ಮಾಡಿ ಬಹಳ ಹೊತ್ತು ಕೇಳಿದಳು. ಕೊನೆಗೆ ಹಾಡುವವನು ಎಲ್ಲಿ ಎಂದಳು. ಇದರಲ್ಲಿ ಹಾಡುವವರೇ ಇಲ್ಲ ಎಂದೆ.

"ಇಷ್ಟು ಹೊತ್ತು ಬಾರಿಸಿ ಬಾರಿಸಿ ಕರೀತಾ ಇದ್ದಾರಲ್ಲ, ಹಾಗಾದ್ರೆ ಯಾರನ್ನ?" ಎಂದವಳು ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕಿ ಬಂದಳು.

ಆಲ್ದೂರಿನ ಅಂಗಡಿ

ಹುಚ್ಚು ಹತ್ತಿತು. ಫೋನಿನ ದನಿ ಸಾಲದೆ ಸ್ಪೀಕರ್ ಕೊಳ್ಳಲು ಆಲ್ದೂರಿಗೆ ಹೋದೆ. ರಿಪೇರಿ ಅಂಗಡಿಯ ಸಾಹೇಬರು ನನಗೆ ಹಳೆಯ ಪರಿಚಯ. ಒಂದು ಸ್ಪೀಕರ್ ತೆಗೆದಿಟ್ಟು, ನಿಮ್ಮದೇ ಹಾಡು ಹಾಕಿ ನೋಡಿ ಎಂದರು. ಹಾಕಿದೆ.

ಹೊರಗೆ ಬಸ್ಸು ಹಾರನ್ ಹೊಡೆಯುತ್ತಿತ್ತು, ಒಳಗೆ ಅಂಗಡಿ ತಣ್ಣಗಾಯಿತು. ಚಾರ್ಜರಿಗೆ ಚೌಕಾಸಿ ಮಾಡುತ್ತಿದ್ದವನು ಅದನ್ನು ಮೆಲ್ಲಗೆ ಕೆಳಗಿಟ್ಟ. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಕಟ್ಟಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಸಾಹೇಬರ ಕಿವಿಯ ಹತ್ತಿರ ಬಾಗಿ, ಯಾರು ಹೋಗಿದ್ದು ಎಂದು ಕೇಳಿದರು.

ಸಾಹೇಬರು ಸ್ಪೀಕರಿನಿಂದ ಕಣ್ಣು ತೆಗೆಯಲಿಲ್ಲ. "ಇನ್ನೂ ಗೊತ್ತಾಗಿಲ್ಲ" ಎಂದರು.

ಎಲೆಯ ಮುಂದೆ

ಆ ಸ್ಪೀಕರನ್ನು ಆಫೀಸಿನ ಕಿಟಕಿಯಲ್ಲಿಟ್ಟು ಹಾಕಿದ ಮೊದಲ ಬೆಳಿಗ್ಗೆಯೇ ಎಡವಟ್ಟಾಯಿತು. ಕಿಟಕಿಯ ಕೆಳಗೆ ಇಳಿಜಾರಿನಲ್ಲಿರುವುದು ಕೆಳಗಿನ ಬ್ಲಾಕು, ಎಸ್ಟೇಟಿನ ಒಳ್ಳೆಯ ಫಸಲೆಲ್ಲ ಇರುವ ಜಾಗ. ಹಣ್ಣು ಕೆಂಪಗೆ ತುಂಬಿ ನಿಂತಿತ್ತು. ಅಕಾಲದ ಮಳೆ ಬರುವ ಸೂಚನೆ ಬೇರೆ. ಹಣ್ಣು ಮಳೆಗೆ ಸಿಕ್ಕಿ ಉದುರಿದರೆ ನೀವು ಬೇರೆ ಕಡೆ ಕೆಲಸ ನೋಡಿಕೊಳ್ಳಿ ಎಂದು ಧಣಿಗಳು ನನಗೆ ಹೇಳಿಯಾಗಿತ್ತು. ಅಂಥ ಹೊತ್ತಿನಲ್ಲಿ ಕೊಯ್ಲಿನ ಹೆಂಗಸರೆಲ್ಲ ಬುಟ್ಟಿ ಬಿಟ್ಟು ಮೇಲೆ ಬಂದರು. ಮಂಜಿನೊಳಗೆ ಯಾರೋ ಬಾರಿಸುತ್ತಿದ್ದಾರೆ, ತೋಟದ ದೈವ ಚೌಡಿಯೇ ಇರಬೇಕು, ನಾವು ಇಳಿಯುವುದಿಲ್ಲ ಎಂದರು.

ನಾನು ನಗುತ್ತ ಸ್ಪೀಕರ್ ತೋರಿಸಿದೆ, ಫೋನು ತೋರಿಸಿದೆ. ಅವರಲ್ಲಿ ಹಿರಿಯಳಾದ ಅಜ್ಜಿ ಎಲ್ಲವನ್ನೂ ಸರಿಯಾಗಿ ನೋಡಿದಳು.

"ಇದನ್ನ ನೀವು ಹುಡುಕಿ ಹಾಕಿದ್ದಾ ರೈಟ್ರೇ, ಅದಾಗೇ ಬಂದಿದ್ದಾ?"

ಸುಳ್ಳು ಹೇಳಲು ಕಾರಣವಿರಲಿಲ್ಲ. ಅದಾಗೇ ಬಂತು ಎಂದೆ. ಅಲ್ಲಿಗೆ ತೀರ್ಮಾನವಾಯಿತು. ತೋಟ ಕಾಯುವ ಚೌಡಿ ಈಗ ರೈಟರ ಹತ್ತಿರ ಬಂದು ಸೇರಿದೆ. ಇಳಿಯುತ್ತೇವೆ, ಆದರೆ ನಾವು ಕೆಳಗಿರುವಷ್ಟು ಹೊತ್ತೂ ಮೇಲೆ ಆ ದನಿ ಕೇಳುತ್ತಲೇ ಇರಬೇಕು ಎಂದು ಅಜ್ಜಿ ಕಟ್ಟಳೆ ಮಾಡಿದಳು. ದನಿ ನಿಮ್ಮ ಹತ್ತಿರ ಇದೆ ಅಂದರೆ ಅದು ನಮ್ಮ ಹತ್ತಿರ ಇಲ್ಲ ಎಂಬುದು ಅವಳ ಲೆಕ್ಕ. ಕೇಳಿದರೆ ಸರಿಯಾಗಿಯೇ ಇತ್ತು.

ಮಧ್ಯಾಹ್ನ ಆಳುಗಳ ಮೇಸ್ತ್ರಿ ಚೌಡಿಯ ಕಲ್ಲಿಗೆ ಹುಂಜ ಕೊಟ್ಟು ಅಡುಗೆ ಮಾಡಿಸಿದ. ನನಗೂ ಒಂದು ತುಂಡು ಸಿಗಬಹುದೆಂದು ತಟ್ಟೆ ಹಿಡಿದು ಹೋದೆ. ತಟ್ಟೆ ಬೇಡ ಎಂದ. ಬಾಳೆ ಎಲೆ ಹಾಸಿ, ತುದಿಗೆ ಕುಂಕುಮ ಇಟ್ಟು, ಎಲ್ಲರಿಗಿಂತ ಮೊದಲು ನನಗೆ ಬಡಿಸಿದ. ಆಮೇಲೆ ಎಲ್ಲರೂ ಹಿಂದೆ ಸರಿದು, ಚೌಡಿ ಉಣ್ಣುವುದನ್ನು ನೋಡಬಾರದೆಂದು ಮುಖ ತಿರುಗಿಸಿ ನಿಂತರು.

ಮಳೆಗೆ ಮೊದಲು

ಹೀಗೆ ಕೊಯ್ಲು ಚೆನ್ನಾಗಿ ನಡೆಯಿತು. ನಾನು ಬೆಳಗಿನಿಂದ ಸಂಜೆಯವರೆಗೆ ಸ್ವೀಡನ್ನಿನವರನ್ನು ಕೇಳುತ್ತ ತೂಕ ಬರೆಯುತ್ತಿದ್ದೆ. ಧಾಟಿಗಳೆಲ್ಲ ಬಾಯಿಗೆ ಬಂದವು. ಕೊನೆಗೆ ಇಳಿಜಾರಿನ ತುದಿಯ ಕೆಲವು ಸಾಲು ಮಾತ್ರ ಉಳಿಯಿತು. ಆ ದಿನವೇ ಮೋಡ ಕಟ್ಟಿತು. ಹಿಂದಿನ ದಿನದಿಂದ ಕರೆಂಟಿಲ್ಲ. ಸ್ಪೀಕರೂ ಫೋನೂ ಎರಡೂ ಸತ್ತು ಮಲಗಿದ್ದವು.

ಹೆಂಗಸರು ದಾರಿಯಲ್ಲೇ ನಿಂತರು. ದನಿ ಇಲ್ಲದೆ ಇಳಿಯುವುದಿಲ್ಲ. ನಾನು ಬೇಡಿಕೊಂಡೆ, ಗದರಿದೆ, ಮೋಡ ತೋರಿಸಿದೆ. ಮೇಸ್ತ್ರಿಯೇ ದಾರಿ ಹೇಳಿದ: ನೀವು ಬಾಯಲ್ಲೇ ಹೇಳಿ, ಅದು ನಿಮ್ಮ ಹತ್ರಾನೇ ಇದೆಯಲ್ಲ.

ಮಾನ ಹೋದರೂ ಕೆಲಸ ಉಳಿಯಲಿ ಎಂದುಕೊಂಡು ಬ್ಲಾಕಿನ ಮೇಲಂಚಿನಲ್ಲಿ ನಿಂತೆ. ನನ್ನ ಹಿಂದೆ ಬರೀ ಕಾಡು, ಅಲ್ಲಿಗೆ ಯಾರೂ ಹೋಗುವುದಿಲ್ಲ. ಪಿಟೀಲನ್ನು ಮೂಗಿನಲ್ಲಿ, ಡ್ರಮ್ಮನ್ನು ನಾಲಿಗೆಯಲ್ಲಿ ಶುರು ಮಾಡಿದೆ. ಎಸ್ಟೇಟಿನ ನಾಯಿ ಎದ್ದು ಹೋಯಿತು. ಹೆಂಗಸರು ಮಾತ್ರ ಸಮಾಧಾನದಿಂದ ಇಳಿದರು, ಹಿಂದೆ ಮೇಸ್ತ್ರಿಯೂ ಇಳಿದ. ಮಂಜು ಎಲ್ಲರನ್ನೂ ಮುಚ್ಚಿತು. ಹಣ್ಣು ಬುಟ್ಟಿಗೆ ಬೀಳುವ ಸದ್ದು ಕೇಳತೊಡಗಿತು.

ಎಷ್ಟು ಹೊತ್ತು ಹೇಳಿದೆನೋ, ಗಂಟಲು ಕಟ್ಟಿ ಧಾಟಿ ಅರ್ಧಕ್ಕೇ ನಿಂತಿತು. ಅಂದರೆ ನಾನು ನಿಲ್ಲಿಸಿದೆ. ಧಾಟಿ ಮುಂದುವರಿಯಿತು. ಅದೇ ದನ ಕರೆಯುವ ದನಿ, ನಾನು ಬಿಟ್ಟ ಜಾಗದಿಂದಲೇ, ಒಂದು ಸ್ವರವೂ ತಪ್ಪದೆ.

ನಿಜ ಹೇಳುತ್ತೇನೆ, ಅಷ್ಟು ಭಯ ನಾನು ಜನ್ಮದಲ್ಲಿ ಪಟ್ಟಿಲ್ಲ. ಕೆಳಗಿನವರಲ್ಲಿ ಯಾರೋ ಕಲಿತುಕೊಂಡು ಹೇಳುತ್ತಿರಬೇಕು ಎಂದುಕೊಂಡು, ಅಜ್ಜೀ, ನೀವಾ ಹೇಳ್ತಿರೋದು ಎಂದು ಕೂಗಿದೆ.

ಮಂಜಿನೊಳಗಿಂದ ಅಜ್ಜಿ ನಿಧಾನವಾಗಿ ಉತ್ತರ ಕೊಟ್ಟಳು. ಕೈ ಮಾತ್ರ ನಿಲ್ಲಿಸಿರಲಿಲ್ಲ, ಹಣ್ಣು ಬೀಳುವುದು ಕೇಳುತ್ತಲೇ ಇತ್ತು.

"ನಾವಲ್ಲ ಮಾರಾಯ್ರೇ, ನಿಮ್ಮ ಬೆನ್ನ ಹಿಂದೇನೇ ಕೇಳ್ತಿದೆ. ತಿರುಗಿ ನೋಡಿ ಎಲ್ಲಾದ್ರೂ ಓಡಿಬಿಟ್ಟೀರಿ, ಅದು ನಿಮ್ಮನ್ನ ಹುಡುಕ್ಕೊಂಡು ಇಲ್ಲಿಗೆ ಬರುತ್ತೆ. ಸ್ವಲ್ಪ ಹಾಗೇ ನಿಂತಿರಿ, ಇನ್ನೆರಡು ಸಾಲು ಮುಗಿಸಿಬಿಡ್ತೀವಿ."