ನಾಲ್ಕನೇ ಬಾಟಲಿಯ ಗಂಜಿ

ಪುನೀತನ ಡಿಗ್ರಿ ಸೋಮವಾರ ಬೆಳಿಗ್ಗೆ ಎಂಟು ಗಂಟೆಯವರೆಗೆ ಧನಕವಡಿಯ ಅವರ ಮನೆಯ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು. ಎಂಟೂ ಐದಕ್ಕೆ ಸ್ನಾನ ಮುಗಿಸಿ ಬಂದು ನೋಡಿದರೆ ಇರಲಿಲ್ಲ.

ಪುಣೆಯಾಚೆಯ ಗುಡ್ಡದಲ್ಲಿ ಕಲ್ಲುಗಣಿ ತೋಡಿ ತೋಡಿ ಕೆಳಗಿನ ಹಳ್ಳದ ನೀರು ಏನಾಗಿದೆ ಎಂದು ಆರು ತಿಂಗಳು ಪರೀಕ್ಷಿಸುವುದು ಅವನ ಕಾಲೇಜಿನ ಪ್ರಾಜೆಕ್ಟು. ತಿಂಗಳಿಗೊಂದು ಭಾನುವಾರ ಹೋಗಿ ನಾಲ್ಕು ಕಡೆಯಿಂದ ನಾಲ್ಕು ಬಾಟಲಿ ನೀರು ತರಬೇಕು. ಮೊದಲ ಮೂರು ಗಣಿಗಿಂತ ಮೇಲಿನವು, ತಿಳಿ ನೀರು. ನಾಲ್ಕನೆಯದು ಗಣಿಯ ಕೆಳಗಿನದು, ಕಲ್ಲುಪುಡಿ ಕಲೆತು ಬೆಳ್ಳಗಿರುತ್ತದೆ. ಇದು ಕೊನೆಯ ತಿಂಗಳು. ಸೋಮವಾರ ಬೆಳಿಗ್ಗೆ ಹನ್ನೊಂದರೊಳಗೆ ನಾಲ್ಕೂ ಬಾಟಲಿ ಲ್ಯಾಬಿಗೆ ಬರದಿದ್ದರೆ ಒಂದು ವರ್ಷ ಹೋಯಿತೆಂದೇ ತಿಳಿಯಿರಿ ಎಂದು ಅನುಜಾ ಮೇಡಂ ಇಡೀ ಕ್ಲಾಸಿಗೆ ಹೇಳಿದ್ದರು. ಹೇಳುವಾಗ ನೋಡಿದ್ದು ಮಾತ್ರ ಪುನೀತನನ್ನು.

"ಅವ್ವಾ, ಬಿಳಿ ನೀರಿನ ಬಾಟ್ಲಿ ಎಲ್ಲದ?"

"ಗಂಜೀದೇನು? ಎದುರುಮನಿ ಬಸವಣ್ಣೆವ್ವ ಬಂದು ಒಯ್ದ್ರು," ಎಂದಳು ತಾಯಿ ತ್ರಿವೇಣಿ, ರೊಟ್ಟಿ ಬಡಿಯುತ್ತಲೇ.

"ಅದು ಗಂಜಿ ಅಲ್ಲವ್ವಾ, ಸ್ಯಾಂಪಲ್! ಮ್ಯಾಲೆ ಬರದಿದ್ದೆನಲ್ಲ!"

"ಇಂಗ್ಲಿಷಿನಾಗ ಬರದ್ರ ಅವರಿಗೇನು ತಿಳೀತದ? ಅವರ ಸೀರಿಗೆ ಹಾಕ್ಲಿಕ್ಕಂತ ವಾರಾ ವಾರಾ ಅನ್ನದ ಗಂಜಿ ಬಸದು ಅಲ್ಲೇ ಇಟ್ಟಿರ್ತೀನಿ. ಇವತ್ತ ಎರಡು ಬಾಟ್ಲಿ ಕಂಡ್ವು, ಎರಡೂ ಒಯ್ದಾರ."

ಪುನೀತ ಎದುರುಮನೆಗೆ ಓಡಿದ. ಬಚ್ಚಲಲ್ಲಿ ಬಸವಣ್ಣೆವ್ವ ಹೊಸ ಇಳಕಲ್ ಸೀರೆಯನ್ನು ಬಕೆಟ್ಟಿನಲ್ಲಿ ಅದ್ದಿ ಕೂತಿದ್ದಳು. ಪಕ್ಕದಲ್ಲಿ ಎರಡೂ ಬಾಟಲಿ ಖಾಲಿ.

"ಬಾರೋ ತಮ್ಮಾ, ಚಾ ಕುಡೀತೀಯೇನು? ನಿಮ್ಮವ್ವನ ಗಂಜಿ ಇವತ್ತ ಭಾಳ ಗಟ್ಟಿ ಬಂದದ ನೋಡು."

"ಅಜ್ಜೀ, ಅದು ನನ್ನ ನೀರು! ವಾಪಸ್ ಬೇಕು!"

"ಕೊಟ್ಟ ಗಂಜಿ ತಿರುಗಿ ಕೇಳ್ತಾರೇನೋ? ಬೇಕಂದ್ರ ಹಿಂಡ್ಕೊಂಡು ಹೋಗು."

ಬೇರೆ ದಾರಿ ಇರಲಿಲ್ಲ. ಮತ್ತೆ ಹಳ್ಳಕ್ಕೆ ಹೋಗಿ ಬರಲು ಎರಡು ಬಸ್ಸು, ಐದು ತಾಸು. ಪುನೀತ ಸೀರೆ ಎತ್ತಿ ಹಿಂಡತೊಡಗಿದ. ಗದ್ದಲ ಕೇಳಿ ಕೆಳಗಿನ ಮನೆಯ ಈರಣ್ಣ ಮೇಲೆ ಬಂದ. ಖಡಕಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಟ್ಟು ಬಿಗಿದು ರಿಟೈರಾದವನು. ಯಾರ ಮನೆಯಲ್ಲಿ ಏನು ತಿರುವುತ್ತಿದ್ದರೂ ಅವನ ಕೈ ಸುಮ್ಮನಿರುವುದಿಲ್ಲ.

"ಹಂಗಲ್ಲಪಾ. ಒಂದು ತುದಿ ನೀ ಹಿಡಿ, ಒಂದು ನನಗ ಕೊಡು. ಹೂಂ, ತಿರುವು!"

"ಏ, ನನ್ನ ಸೀರಿ ಹರೀತದ್ರೋ!" ಎಂದು ಬಸವಣ್ಣೆವ್ವ ಅರಚಿದಳು.

ಈರಣ್ಣ ತಿರುವಿದ ರಭಸಕ್ಕೆ ಸೀರೆ ಹಗ್ಗವಾಯಿತು, ಪುನೀತ ಅರ್ಧ ಸುತ್ತು ತಾನೇ ತಿರುಗಿದ. ಸೀರೆಯ ಕೆಂಪು ಅಂಚಿಗೆ ಅದು ಮೊದಲ ನೀರು, ಬಣ್ಣ ಬಿಟ್ಟಿತು. ಬಾಟಲಿ ತುಂಬುವ ಹೊತ್ತಿಗೆ ಗಣಿಯ ಬಿಳಿ ನೀರು ಕೋಕಮ್ ಶರಬತ್ತಾಗಿತ್ತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಪುನೀತ ಲ್ಯಾಬು ಸೇರಿದ. ಅನುಜಾ ಮೇಡಂ ನಾಲ್ಕನೇ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಾಲ್ಕನೆಯದು ಇದೇನಾ?"

"ಹೌದು ಮೇಡಂ," ಎಂದ. ಬಾಟಲಿಯಂತೂ ಅದೇ.

ಮಧ್ಯಾಹ್ನ ಅವನು ಅನ್ನ ಮುಟ್ಟಲಿಲ್ಲ. ನಾಲ್ಕು ಗಂಟೆಗೆ ಮೇಡಂ ಕೋಣೆಯಿಂದ ಕರೆ ಬಂತು. ಸತ್ಯ ಹೇಳಿ ಕಾಲಿಗೆ ಬೀಳುವುದೆಂದು ನಿಶ್ಚಯಿಸಿಯೇ ಒಳಗೆ ಹೋದ. ಅಲ್ಲಿ ಪ್ರಿನ್ಸಿಪಾಲರೂ ಇದ್ದರು, ಪೇಢೆಯ ಡಬ್ಬಿಯೂ ಇತ್ತು.

"ಶಾಬ್ಬಾಸ್!" ಎಂದು ಮೇಡಂ ಮರಾಠಿಯಲ್ಲಿ ಶುರು ಮಾಡಿದರು. ಅವರ ಮಾತಿನ ಸಾರ ಇಷ್ಟು: ಐದು ತಿಂಗಳು ಬರೀ ಕಲ್ಲುಪುಡಿ ಇದ್ದ ನೀರಿನಲ್ಲಿ ಈಗ ಬಟ್ಟೆಯ ಬಣ್ಣ ಸಿಕ್ಕಿದೆ, ಗಂಜಿಯೂ ಸಿಕ್ಕಿದೆ. ಅಂದರೆ ಗುಡ್ಡದಲ್ಲಿ ಎಲ್ಲೋ ಕದ್ದು ಒಂದು ಜವಳಿ ಕಾರ್ಖಾನೆ ನಡೆಯುತ್ತಿದೆ. ಕಂಡುಹಿಡಿದ ಕೀರ್ತಿ ಪುನೀತನದು.

ಅವನು ಬಾಯಿ ತೆರೆದ. ಪ್ರಿನ್ಸಿಪಾಲರು ಅದಕ್ಕೆ ಪೇಢೆ ತುರುಕಿದರು.

"ಇನ್ನು ವಾರಾ ವಾರಾ ಹೋಗಿ ಹಳ್ಳದುದ್ದಕ್ಕೂ ನಡೆದು ಹುಡುಕು," ಎಂದರು ಮೇಡಂ. "ಕಾರ್ಖಾನೆ ಸಿಕ್ಕ ದಿನ ನಿನ್ನ ಪ್ರಾಜೆಕ್ಟಿಗೆ ಸಹಿ ಹಾಕುತ್ತೇನೆ."

ಕಾಲೆಳೆದುಕೊಂಡು ಮೂರು ಮಹಡಿ ಹತ್ತಿದರೆ ಬಸವಣ್ಣೆವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಎಂಥಾ ಗಂಜೀನೋ ಅದು! ಸೀರಿ ಹಪ್ಪಳದಂಗ ನಿಂತದ. ಮುಂದಿನ ವಾರ ನಾಕು ಬಾಟ್ಲಿ ತಾರಪಾ."

ಅವಳ ತೋಳಿನ ಮೇಲೆ ಇನ್ನೂ ನೀರು ಕಾಣದ ಎರಡು ಹೊಸ ಸೀರೆಗಳಿದ್ದವು. ಒಂದು ಹಸಿರು, ಒಂದು ನೀಲಿ.