ಹುಲ್ಲಿನ ಮಿಷನ್ನೂ ಮುನಿಯಮ್ಮನ ಎಮ್ಮೆಯೂ

ಕೆಟ್ಟ ರೇಡಿಯೋ ರಿಪೇರಿ ಮಾಡುವವನನ್ನು ಜನ ನಡುಮನೆಯಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಪಂಪ್‌ಸೆಟ್ ರಿಪೇರಿಯವನಿಗಂತೂ ಬಸ್ ಸ್ಟ್ಯಾಂಡಿನಲ್ಲೇ ಕಾದು ನಿಂತು ಕರೆದುಕೊಂಡು ಹೋಗುತ್ತಾರೆ. ಆದರೆ ಹುಲ್ಲು ಕತ್ತರಿಸುವ ಮಿಷನ್ನನ್ನು ರಿಪೇರಿ ಮಾಡಿದವನನ್ನು ಮಾತ್ರ ತಲೆ ನೆಟ್ಟಗಿಲ್ಲದವನ ಹಾಗೆ ನೋಡುತ್ತಾರೆ. ಇದು ಯಾವ ನ್ಯಾಯ ಎಂದು ನಾನು ಆಗಿನಿಂದಲೂ ಕೇಳುತ್ತಿದ್ದೇನೆ, ಯಾರೂ ಉತ್ತರ ಕೊಟ್ಟಿಲ್ಲ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲವಾದ್ದರಿಂದ ನಡೆದದ್ದನ್ನು ನಿಮ್ಮ ಮುಂದೆ ಇಟ್ಟುಬಿಡುತ್ತೇನೆ.

ಎಪ್ಪತ್ತರ ದಶಕದ ಮೊದಲ ಭಾಗ. ನಾನು ಹೊಸಕೋಟೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಸಂಜೆ ಸ್ಕೂಲು ಬಿಟ್ಟ ಮೇಲೆ ಉಳಿದ ಮೇಷ್ಟ್ರುಗಳು ಇಸ್ಪೀಟಿಗೆ ಹೋದರೆ ನಾನು ಬಾಷಾ ಸಾಹೇಬರ ಗುಜರಿ ಅಂಗಡಿಗೆ ಹೋಗುತ್ತಿದ್ದೆ. ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟ ಚಟ ಎಂಬ ಬಗ್ಗೆ ನನಗೂ ನನ್ನ ಹೆಂಡತಿ ಸರೋಜಳಿಗೂ ಭಿನ್ನಾಭಿಪ್ರಾಯವಿತ್ತು. ಇಸ್ಪೀಟು ಆಡುವವರು ಮನೆಗೆ ಬರೀ ಕೈಯಲ್ಲಿ ಬರುತ್ತಾರೆ, ಅದೇ ಎಷ್ಟೋ ವಾಸಿ ಎಂಬುದು ಅವಳ ವಾದ. ಒಂದು ಸಂಜೆ ಆ ಅಂಗಡಿಯಲ್ಲಿ, ಮುರಿದ ಮಂಚಗಳ ಕೆಳಗೆ, ನಾಲ್ಕು ಪುಟ್ಟ ಚಕ್ರಗಳ ಮೇಲೆ ಕೂತಿದ್ದ ಆ ಮಿಷನ್ನು ಕಣ್ಣಿಗೆ ಬಿತ್ತು. ವೈಟ್‌ಫೀಲ್ಡ್ ಕಡೆಯ ಬಂಗಲೆಯ ದೊರೆಸಾನಿಯೊಬ್ಬರು ಮನೆ ಖಾಲಿ ಮಾಡಿ ಇಂಗ್ಲೆಂಡಿಗೆ ಹೊರಟಾಗ ಬಿಟ್ಟುಹೋದ ಸಾಮಾನಂತೆ. ಮೇಲೊಂದು ಎಂಜಿನ್ನು, ಕೆಳಗೆ ಫ್ಯಾನಿನಂತೆ ತಿರುಗುವ ಒಂದು ಬ್ಲೇಡು, ಹಿಂದೆ ತಳ್ಳಿಕೊಂಡು ಹೋಗಲು ಉದ್ದನೆಯ ಹಿಡಿ. ಸ್ಕೂಟರಿನದರಂತೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಟೂ-ಸ್ಟ್ರೋಕ್ ಎಂಜಿನ್ನು.

"ಅದು ನಾಳೆ ಸುತ್ತಿಗೇಲಿ ಒಡೆದು ಕಬ್ಬಿಣಕ್ಕೆ ಹಾಕೋ ಮಾಲು ಮೇಷ್ಟ್ರೇ," ಎಂದರು ಬಾಷಾ ಸಾಹೇಬರು.

ನನಗೆ ರಕ್ತ ಕುದಿಯಿತು. ಯಾರೋ ಪುಣ್ಯಾತ್ಮ ಕೂತು ಲೆಕ್ಕ ಹಾಕಿ ಮಾಡಿದ ಎಂಜಿನ್ನನ್ನು ಸುತ್ತಿಗೆಯಲ್ಲಿ ಒಡೆಯುವುದೆಂದರೇನು? ಅದನ್ನು ಅಲ್ಲಿಂದ ಬಿಡಿಸಿಕೊಂಡು, ಊರಿನ ನಡುಬೀದಿಯಲ್ಲಿ ತಳ್ಳುತ್ತಾ ಮನೆಗೆ ತಂದೆ. ಸರೋಜ ಬಾಗಿಲಲ್ಲೇ ನಿಂತು ಮಿಷನ್ನನ್ನು ನೋಡಿದಳು, ನಮ್ಮ ಅಂಗಳವನ್ನು ನೋಡಿದಳು. ಅಲ್ಲಿ ಒಂದು ತುಳಸಿ ಗಿಡ, ಒಂದು ಬಟ್ಟೆ ಒಗೆಯುವ ಕಲ್ಲು. "ಹುಲ್ಲೆಲ್ರೀ?" ಎಂದಳು. ವಿಜ್ಞಾನದಲ್ಲಿ ಇಂಥ ಪ್ರಶ್ನೆ ಕೇಳುವವರಿಂದಲೇ ದೇಶ ಹಿಂದುಳಿದಿರುವುದು ಎಂದುಕೊಂಡೆ, ಹೇಳಲಿಲ್ಲ.

ಎಂಜಿನ್ನಿನ ಸ್ಥಿತಿ ನೋಡಿ ದೊರೆಸಾನಿಯ ಮೇಲೂ ಸಿಟ್ಟು ಬಂತು. ಸೈಲೆನ್ಸರಿನೊಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಪಿಸ್ಟನ್ನು ಹಿಡಿದುಕೊಂಡಿತ್ತು. ಸೀಮೆಎಣ್ಣೆ ಹಾಕಿ ನೆನೆಸಿ, ದಿನಾ ಬಂದು ಮೆತ್ತಗೆ ಅಲ್ಲಾಡಿಸಿ, ಕೊನೆಗೆ ಬಿಡಿಸಿದೆ. ಕಾರ್ಬುರೇಟರಿನ ಸಣ್ಣ ತೂತನ್ನು ಬಾಯಲ್ಲಿ ಊದಿ ಊದಿ ಸಾರು ಉಂಡರೂ ಪೆಟ್ರೋಲಿನ ರುಚಿ ಬರತೊಡಗಿತು. ಪ್ಲಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಒಂದು ಭಾನುವಾರ ಹಗ್ಗ ಸುತ್ತಿ ಜಗ್ಗಿದಾಗ ಮಿಷನ್ನು ಒಮ್ಮೆ ಕೆಮ್ಮಿ, ಬೀದಿ ತುಂಬ ನೀಲಿ ಹೊಗೆ ಬಿಟ್ಟು, ಗುಡುಗತೊಡಗಿತು. ಪಕ್ಕದ ಮನೆಯವರು ಹಪ್ಪಳದ ಚಾಪೆಗಳನ್ನು ಎತ್ತಿಕೊಂಡು ಒಳಗೆ ಓಡಿದರು. ಒಬ್ಬರಾದರೂ ಭೇಷ್ ಎನ್ನಲಿಲ್ಲ.

ಭೇಷ್ ಎನ್ನುವವನು ಅದೇ ವಾರ ತಾನಾಗಿಯೇ ಬಂದ. ಊರಾಚೆಯ ಪ್ರವಾಸಿ ಮಂದಿರದಲ್ಲಿ ಅಡುಗೆ, ಕಾವಲು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಚಿಕ್ಕಣ್ಣ. ಅವನ ಮುಖ ಬಾಡಿತ್ತು. "ದೊಡ್ಡ ಸಾಹೇಬ್ರು ಬರ್ತಾವ್ರೆ ಮೇಷ್ಟ್ರೇ. ಮುಂದ್ಗಡೆ ಹುಲ್ಲು ಮೊಣಕಾಲುದ್ದ ಬೆಳ್ದೈತೆ. ದಿನಾ ಕುಯ್ಯೋ ಮುನಿಯಮ್ಮ ಮಗಳ ಬಾಣಂತನಕ್ಕೆ ಬೂದಿಗೆರೆಗೆ ಹೋಗವ್ಳೆ. ನಿಮ್ ಮಿಷನ್ನು ಒಂದ್ ಕಿತ ತರ್ತೀರಾ?" ಎಂದ. ಇಂಥ ಮಾತಿಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆನೋ. ಮುನಿಯಮ್ಮ ನಮ್ಮ ಮನೆಗೂ ಹಾಲು ಹಾಕುವವಳು, ಆ ಹುಲ್ಲು ಅವಳ ಎಮ್ಮೆಯ ಹೊಟ್ಟೆಗೆ ಹೋಗುವಂಥದ್ದು, ಅವಳಿಲ್ಲದಾಗ ಎಮ್ಮೆಗೆ ಮೇವು ಹಾಕಿ ಹಾಲು ತಂದುಕೊಡುತ್ತಿದ್ದುದು ಅವಳ ತಂಗಿ, ಇದೆಲ್ಲ ನನಗೆ ಗೊತ್ತಿತ್ತು. ಆದರೆ ಎಂಜಿನ್ನು ಓಡುವಾಗ ಮನುಷ್ಯನ ತಲೆ ಓಡುವುದಿಲ್ಲ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಹೋದೆ. ಮೊಣಕಾಲುದ್ದದ ಹುಲ್ಲಿಗೆ ಸಿಕ್ಕಿ ಮಿಷನ್ನು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿತ್ತು; ನಾನು ಮಗುಚಿ, ಬ್ಲೇಡು ಬಿಡಿಸಿ, ಮತ್ತೆ ಹಗ್ಗ ಜಗ್ಗುತ್ತಿದ್ದೆ. ಸಂತೆಗೆ ಬಂದವರು ಬೇಲಿಯುದ್ದಕ್ಕೂ ನಿಂತು ನೋಡಿದರು. ಸಂಜೆಯ ಹೊತ್ತಿಗೆ ಆ ಅಂಗಳ ಬಿಲಿಯರ್ಡ್ಸ್ ಮೇಜಿನಂತಾಯಿತು. ಅಲ್ಲಲ್ಲಿ ತಲೆಗೂದಲು ಉದುರಿದಂಥ ಮಚ್ಚೆಗಳಿದ್ದವು, ಅದನ್ನು ಬಿಡಿ. ಮಾರನೆಯ ದಿನ ಸಾಹೇಬರು ಜೀಪಿನಿಂದ ಇಳಿದು, ಎಡಕ್ಕೂ ನೋಡದೆ ಬಲಕ್ಕೂ ನೋಡದೆ ಒಳಗೆ ಹೋಗಿ, ಉಪ್ಪಿಟ್ಟು ತಿಂದು, ಹಾಗೆಯೇ ಜೀಪು ಹತ್ತಿದರು. ಕಾಂಪೌಂಡಿನ ಹೊರಗೆ ಹೊಸ ಷರಟು ಹಾಕಿಕೊಂಡು ನಿಂತಿದ್ದ ನನ್ನನ್ನು ದಾರಿ ಕೇಳಿದರು, ಅಷ್ಟೇ.

ಆ ಸಿಟ್ಟಿನಲ್ಲಿ ಮನೆಯಲ್ಲಿ ಕೂತಿದ್ದಾಗ ಮುನಿಯಮ್ಮ ಬಂದಳು. ಬೂದಿಗೆರೆಯಿಂದ ಅವತ್ತೇ ಇಳಿದಿದ್ದಳು. ತಲೆಯ ಮೇಲಿನ ಮಂಕರಿಯನ್ನು ನಮ್ಮ ಜಗಲಿಯ ಮೇಲೆ ಸುರಿದಳು. ಚಟ್ನಿಯಂತೆ ನುಣ್ಣಗಾದ ಹುಲ್ಲು.

"ಮೂಸಿ ನೋಡಿ ಮೇಷ್ಟ್ರೇ," ಎಂದಳು.

ಮೂಸಿದೆ. ಬಸ್ ಸ್ಟ್ಯಾಂಡಿನ ವಾಸನೆ.

"ನಮ್ ಎಮ್ಮೆ ಮೂತಿ ತಿರುಗಿಸ್ಬುಡ್ತು. ಊರಿಂದ ಬಂದ್ರೆ ಅಲ್ಲಿ ಹುಲ್ಲಿರ್ತೈತೆ ಅಂತ ನಂಬ್ಕೊಂಡಿದ್ದೆ. ಅದ್ನ ನಂಬ್ಕೊಂಡೇ ತಂಗೀನೂ ಇರೋ ಮೇವೆಲ್ಲ ಹಾಕಿ ಮುಗ್ಸವ್ಳೆ. ಈಗ ಅದ್ಕೇನ್ ಹಾಕ್ಲಿ?"

"ಆಯಿಲ್ ಅಂಶ ಬಹಳ ಕಮ್ಮಿ ಮುನಿಯಮ್ಮ. ಅದರಿಂದ ಏನೂ ಆಗಲ್ಲ," ಎಂದೆ.

"ಹಂಗಾದ್ರೆ ನೀವೇ ಬಂದು ಎಮ್ಮೆಗೆ ಪಾಠ ಹೇಳ್ಕೊಡಿ," ಎಂದಳು. ದನಿ ಎತ್ತಲಿಲ್ಲ. ಕಣ್ಣಲ್ಲಿ ನೀರಿತ್ತು. ಒಂದೇ ಎಮ್ಮೆಯಲ್ಲಿ ಬದುಕು ನಡೆಸುವವಳು. ಮಗಳ ಬಾಣಂತನದ ಖರ್ಚೂ ಅದರ ಕೆಚ್ಚಲಿನಿಂದಲೇ ಬರಬೇಕಿತ್ತು. ನಾನು ಸಾಹೇಬರನ್ನು ಬೈಯಲು ಬಾಯಿ ತೆರೆದೆ. ಬೈಯಬೇಕಾದವರು ಅವರಲ್ಲ ಎನಿಸಿ ಮುಚ್ಚಿಕೊಂಡೆ.

ಮಾರನೆಯ ಬೆಳಿಗ್ಗೆ ಸರೋಜ ಕರಿ ಕಾಫಿ ತಂದಿಟ್ಟಳು. "ಬೇರೆ ಕಡೆ ಹಾಲು ತರೋಣ," ಎಂದೆ. "ನಾನು ಬಾಣಂತಿಯಾಗಿದ್ದಾಗ ಮಳೇಲಿ ನೆನ್ಕೊಂಡು ಬಂದು ಹಾಲು ಕೊಟ್ಟೋಳು ಅವ್ಳು. ಬೇರೆ ಹಾಲು ಈ ಮನೆಗೆ ಬರಲ್ಲ. ಅಲ್ಲಿ ಹುಲ್ಲು ಮತ್ತೆ ಚಿಗುರೋವರ್ಗೂ ಆ ಎಮ್ಮೆಗೆ ಮೇವು ತರೋದು ನಿಮ್ಮ ಕೆಲ್ಸ," ಎಂದು ಒಳಗೆ ಹೋದಳು. ಹೋಗುವಾಗ ಗೋಡೆಗೆ ಒರಗಿಸಿಟ್ಟಿದ್ದ ಕುಡುಗೋಲನ್ನು ಕಣ್ಣಲ್ಲೇ ತೋರಿಸಿದಳು. ಅದು ಯಾವಾಗ ಮನೆಗೆ ಬಂತೋ ನನಗೆ ತಿಳಿಯದು.

ನಾನು ಸಾಸಲಿನ ಒಕ್ಕಲುಮನೆಯಲ್ಲಿ ಹುಟ್ಟಿದವನು. ಓದದೇ ಹೋದರೆ ಹುಲ್ಲು ಕುಯ್ಯಬೇಕಾಗುತ್ತೆ ಎಂದು ನಮ್ಮಪ್ಪ ಹೆದರಿಸಿದ್ದರಿಂದಲೇ ಬಿ.ಎಸ್ಸಿ. ಮಾಡಿದವನು. ಅಂಥ ನಾನು ತಲೆಗೆ ಟವಲು ಸುತ್ತಿ, ಸ್ಕೂಲಿಗೆ ಮುಂಚೆ ಕೆರೆ ಏರಿಯ ಕೆಳಗೆ ಕೂತು ಹುಲ್ಲು ಕುಯ್ದೆ. ಏರಿಯ ಮೇಲೆ ಹೋಗುವವರೆಲ್ಲ ಸೈಕಲ್ ನಿಲ್ಲಿಸಿ ನಮಸ್ಕಾರ ಹಾಕಿದರು. ಸ್ಕೂಲಿನಲ್ಲಿ ಯಾರೂ ಅಷ್ಟು ವಿನಯ ತೋರಿಸಿದ್ದಿಲ್ಲ. ಮೊದಲ ದಿನ ಬೆನ್ನು ಮುರಿದೇಹೋದಂತಾಯಿತು. ಆಮೇಲೆ ಕೈಗೆ ಹಳೆಯದೆಲ್ಲ ನೆನಪಾಯಿತು. ಎಡಗೈಗೆ ತುಂಬುವಷ್ಟು ಹಿಡಿದು, ಬುಡಕ್ಕೆ ಕುಡುಗೋಲು ಕೊಟ್ಟು ಎಳೆದರೆ ಸರ್ ಎನ್ನುವ ಸದ್ದು. ಹೊಗೆಯಿಲ್ಲ, ಹಗ್ಗ ಜಗ್ಗುವುದಿಲ್ಲ. ಇದು ಇಷ್ಟು ಸಲೀಸಾಗಿರುವುದು ನೋಡಿಯೂ ನನಗೆ ಸಿಟ್ಟೇ ಬಂತು. ಎಮ್ಮೆ ತಿಂದಿತು, ನಮ್ಮ ಕಾಫಿ ಬೆಳ್ಳಗಾಯಿತು.

ಪ್ರವಾಸಿ ಮಂದಿರದ ಹುಲ್ಲು ಮತ್ತೆ ಎದ್ದ ಮೇಲೆ ಒಂದು ಸಂಜೆ ಚಿಕ್ಕಣ್ಣ ಬಂದ. ಇನ್ನೊಬ್ಬ ಸಾಹೇಬರು ಬರುವವರಿದ್ದರು. ಮಿಷನ್ನಿನ ವಿಷಯ ಎತ್ತಿದರೆ ಖಡಾಖಂಡಿತವಾಗಿ ಆಗುವುದಿಲ್ಲ ಎನ್ನಬೇಕೆಂದು ಎದ್ದು ನಿಂತೆ.

"ಮಿಷನ್ ಬ್ಯಾಡಿ ಮೇಷ್ಟ್ರೇ," ಎಂದ ಅವನು. "ಮುನಿಯಮ್ಮಂಗೆ ಕೈ ಉಳುಕೈತೆ. ನೀವು ಕುಡುಗೋಲು ತಗೊಂಡ್ ಬನ್ನಿ. ಮೇಷ್ಟ್ರು ಬಲೇ ನೀಟಾಗಿ ಕುಯ್ತಾರೆ ಅಂತ ಆವಮ್ಮನೇ ಹೇಳ್ಕಳಿಸ್ತು."

ಇಷ್ಟು ವರ್ಷ ಆ ಊರಿನಲ್ಲಿ ಬೆಳಕು, ಶಾಖ, ವಿದ್ಯುತ್ತು ಎಂದು ಗಂಟಲು ಹರಿದುಕೊಂಡವನಿಗೆ ಸಿಕ್ಕಿದ ಮೊದಲ ಸರ್ಟಿಫಿಕೇಟು ಇದು. ಸಿಟ್ಟು ನೆತ್ತಿಗೇರಿತು. ಒಬ್ಬ ಪದವೀಧರನಿಗೆ ಆಡುವ ಮಾತೇ ಇದು ಎಂದು ಕೇಳಬೇಕೆಂದಿದ್ದೆ.

"ಬಿಸಿಲೇರೋಕೆ ಮುಂಚೆ ಬರ್ತೀನಿ," ಎಂದೆ. "ಅಲ್ಲೀವರ್ಗೂ ಬೇರೆ ಯಾರ ಕೈಲೂ ಮುಟ್ಟಿಸ್ಬೇಡ."